ಏಳುನೀರಿನ ಅವರೆ

ಕರಿಯಮ್ಮ ನೀರಿನ ಲೆಕ್ಕ ತಪ್ಪಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಅಚ್ಚಾಗಿರುವುದು ಬೇರೆ. ದಪ್ಪ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿ ಅದು ಕಲ್ಕತ್ತೆಗೂ ಹೋಗಿದೆ, ಲಂಡನ್ನಿಗೂ ಹೋಗಿದೆ. ಅದನ್ನು ಓದಿದವರು ಕರಿಯಮ್ಮನನ್ನು ಕಂಡವರಲ್ಲ. ಕರಿಯಮ್ಮನನ್ನು ಕಂಡವರಿಗೆ ಅದನ್ನು ಓದಲು ಬರುವುದಿಲ್ಲ. ಅವಳ ಮಗ ಹೊನ್ನಯ್ಯನಿಗೂ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಅವನ ಸ್ಲೇಟು ಮುಗಿದಿತ್ತು. ಆದರೆ ಅದರಲ್ಲಿ ಏನು ಬರೆದಿದೆ ಎಂದು ಅವನಿಗೆ ಗೊತ್ತು. ಏನು ಬರೆದಿಲ್ಲ ಎಂಬುದೂ ಗೊತ್ತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಇದ್ದಿಲು ಅಂಗಳ ದಾಟಿ, ರೈಲು ಹಳಿ ದಾಟಿ, ಊರಿನ ಕೊಳಚೆ ಹರಿದುಹೋಗುವ ಹಳ್ಳವನ್ನೂ ದಾಟಿದರೆ ಅವರ ಕೇರಿ. ಇಪ್ಪತ್ತು ಗುಡಿಸಲು. ಕರಿಯಮ್ಮ ಕೋಳಿ ಕೂಗುವಾಗ ಎದ್ದು ಕರಡಿಗುಡ್ಡಕ್ಕೆ ಹೋಗಿ, ಒಣಸೌದೆ ಕಡಿದು, ತಲೆಯ ಮೇಲೆ ಹೊತ್ತು ತಂದು ಸ್ಟೇಷನ್ನಿನ ಹತ್ತಿರ ಮಾರುತ್ತಿದ್ದಳು. ಮೂವತ್ತು ವರ್ಷ ಹೊತ್ತು ಅವಳ ನೆತ್ತಿಯಲ್ಲಿ ಅಂಗೈಯಗಲ ಕೂದಲಿರಲಿಲ್ಲ. ಕುತ್ತಿಗೆ ಭುಜದೊಳಕ್ಕೆ ಇಳಿದಿತ್ತು. ಮಗಳು ಚಿನ್ನಮ್ಮ ಪಕ್ಕದ ಗುಡಿಸಲಲ್ಲಿ ಗಂಡನ ಜೊತೆ ಇದ್ದಳು. ಅವಳಿಗೆ ಇದ್ದಿಲು ಬುಟ್ಟಿ ಹೊರುವ ಕೆಲಸ. ಉಗುಳಿದರೆ ಕಪ್ಪು.

ಕರಡಿಗುಡ್ಡದ ನೆತ್ತಿಯಲ್ಲಿ, ಬಂಡೆಗಳ ಸಂದಿನಲ್ಲಿ ಒಂದು ಬಳ್ಳಿ ಹಬ್ಬಿತ್ತು. ನಸುಗುನ್ನಿಯ ಜಾತಿ. ಆದರೆ ನಸುಗುನ್ನಿಯಲ್ಲ. ಹೂವು ಹಳದಿ, ನಡುವೆ ಕಂದು ಗೆರೆ. ಕಾಯಿಯ ಮೇಲೆ ಕೆಂಗಂದು ರೋಮ. ಮೈಗೆ ತಾಗಿದರೆ ಎರಡು ದಿನ ಚರ್ಮ ಕಿತ್ತು ಹಾಕೋಣ ಅನ್ನಿಸುವಂಥ ತುರಿಕೆ. ಒಳಗೆ ಹೆಬ್ಬೆರಳುಗುರಿನಷ್ಟು ದೊಡ್ಡ ಕರಿಕಾಳು, ಬಿಳಿ ಕಣ್ಣು. ಆ ಕಾಳೇ ಕೇರಿಯ ಹಸಿವಿನ ತಿಂಗಳುಗಳ ಊಟ. ಹಾಗೇ ಬೇಯಿಸಿ ತಿಂದರೆ ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ಏಳು ಸಲ ಕುದಿಸಿ ಏಳು ನೀರು ಬಸಿದು ಚೆಲ್ಲಬೇಕು. ಮೊದಲ ನೀರು ಮಸಿಯಂತೆ ಬರುತ್ತದೆ. ನಾಲ್ಕನೆಯದು ಕಾಫಿ ಬಣ್ಣ. ಏಳನೆಯದರಲ್ಲಿ ಪಾತ್ರೆಯ ತಳ ಕಾಣಬೇಕು. ಅದಕ್ಕೇ ಅದರ ಹೆಸರು ಏಳುನೀರಿನ ಅವರೆ.

ಕರಿಯಮ್ಮ ಒಲೆಯ ಎಡಗಡೆ ಏಳು ಕಲ್ಲು ಇಟ್ಟುಕೊಳ್ಳುತ್ತಿದ್ದಳು. ಹಳ್ಳದ ನುಣುಪು ಕಲ್ಲು. ಒಂದು ನೀರು ಚೆಲ್ಲಿದರೆ ಒಂದು ಕಲ್ಲು ಬಲಗಡೆಗೆ. ಮಾತಾಡುತ್ತಾ ಕೂತರೂ, ಜಗಳ ಆಡುತ್ತಾ ಕೂತರೂ, ಕೈ ಮಾತ್ರ ಕಲ್ಲು ಮರೆಯುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಬೇರೆ ಎಲ್ಲ ಅಡಿಗೆಯಲ್ಲಿ ತಾಯಿ ಕೊನೆಗೆ ಉಣ್ಣುತ್ತಾಳೆ, ಉಳಿದರೆ. ಈ ಅವರೆಯನ್ನು ಮಾತ್ರ ಬೇಯಿಸಿದವಳೇ ಮೊದಲು ಉಣ್ಣಬೇಕು. ಉಂಡು ಬಾಗಿಲಲ್ಲಿ ಕೂರಬೇಕು. ಗುಡಿಸಲಿನ ನೆರಳು ಹೊಸ್ತಿಲು ದಾಟುವವರೆಗೆ ಮಕ್ಕಳು ಪಾತ್ರೆ ಮುಟ್ಟುವಂತಿಲ್ಲ. ಹೊನ್ನಯ್ಯ ಚಿಕ್ಕವನಿದ್ದಾಗ ಆ ನೆರಳನ್ನು ಎಷ್ಟು ಬೈದಿದ್ದನೋ! ಅವ್ವ ನಗುತ್ತಿದ್ದಳು. "ತಡ್ಕಳ್ಲಾ ಮಗ. ನಾನ್ ಸತ್ರೆ ನೀನ್ ಉಣ್ಬ್ಯಾಡ. ಬದುಕಿದ್ರೆ ಇಬ್ರೂ ಉಣ್ಣಣ."

ಅರವತ್ತನೇ ಇಸವಿಯ ಕಾರ್ತಿಕದಲ್ಲಿ ಶ್ರೀನಿವಾಸಮೂರ್ತಿಗಳು ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದರು. ಶಿವಮೊಗ್ಗದ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಮೇಷ್ಟ್ರು. ಬಿಳಿ ಪ್ಯಾಂಟು, ದಪ್ಪ ಕನ್ನಡಕ, ಬಗಲಲ್ಲಿ ಚೀಲ. ಸ್ಟೇಷನ್ನಿನ ಹೊರಗೆ ಸೌದೆ ಹೊರೆಗಳ ಸಾಲು. ಕರಿಯಮ್ಮನ ಹೊರೆಯ ಮುಂದೆ ಅವರು ಹಾವು ಕಂಡವರಂತೆ ನಿಂತುಬಿಟ್ಟರು.

ಕರಿಯಮ್ಮ ಹಗ್ಗ ಇಲ್ಲವೆಂದು ಹೊರೆಯನ್ನು ಆ ಬಳ್ಳಿಯಿಂದ ಬಿಗಿದಿದ್ದಳು. ಬಳ್ಳಿಯ ಮೇಲೆ ಹೂವು ಹಾಗೇ ಇತ್ತು.

"ಏನಮ್ಮಾ, ಇದು ಎಲ್ಲಿ ಸಿಕ್ಕಿತು?"

"ಗುಡ್ಡದ ಸೌದೆ ಸ್ವಾಮಿ. ಚೆನ್ನಾಗ್ ಉರೀತದೆ."

"ಸೌದೆ ಬೇಡ. ಬಳ್ಳಿ ಕೊಡು."

"ಬಳ್ಳಿ ಬಿಚ್ಚುದ್ರೆ ನನ್ ಹೊರೆ ಗತಿ ಏನು ಸ್ವಾಮಿ? ನೀವ್ ತಬ್ಕಂಡು ನಿಂತ್ಕಂತೀರಾ?"

ಸಾಲಿನ ಹೆಂಗಸರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ಒಳ್ಳೆಯವರೇ. ಹೊನ್ನಯ್ಯ ಇವತ್ತಿಗೂ ಅದನ್ನು ಹೇಳುತ್ತಾನೆ, ಅವರು ಬೈದವರಲ್ಲ, ಹೊಡೆದವರಲ್ಲ. ಆ ದಿನ ನೋಟುಬುಕ್ಕು ತೆಗೆದು ಕೇಳಿದರು, "ಇದಕ್ಕೆ ನೀವು ಏನಂತೀರಿ?" ಅವ್ವ ಹೇಳಿದಳು. ಅವರು ಬರೆದುಕೊಂಡರು. ಪಕ್ಕದಲ್ಲಿ ನಿಂತಿದ್ದ ಹೊನ್ನಯ್ಯ ಅಕ್ಷರ ಕೂಡಿಸಿ ಓದಿದ. ಏ, ಳು, ನೀ, ರಿ, ನ. ಅವ್ವನ ಬಾಯಿಂದ ಬಂದ ಮಾತು ಕಾಗದದ ಮೇಲೆ ಕೂತಿದ್ದನ್ನು ಅವನು ಮೊದಲ ಸಲ ನೋಡಿದ್ದು ಅವತ್ತು.

"ಇದು ಯಾರೂ ವರ್ಣಿಸದೇ ಇರೋ ಗಿಡ ಇರಬಹುದು ಕಣಮ್ಮಾ. ಹೊಸದು."

"ಹೊಸ್ದಾ? ನಮ್ಮಜ್ಜಿ ಕಾಲದಿಂದ ತಿಂತಾ ಇದೀವಲ್ಲ ಸ್ವಾಮಿ."

"ನಿಮಗೆ ಹಳೇದು. ಶಾಸ್ತ್ರಕ್ಕೆ ಹೊಸದು."

ಮಾರನೇ ದಿನದಿಂದ ಹೊನ್ನಯ್ಯ ಮೇಷ್ಟ್ರ ಆಳಾದ. ಬೆಳಗಿನ ರೈಲಿಗೆ ಶಿವಮೊಗ್ಗ, ಸಂಜೆ ರೈಲಿಗೆ ಭದ್ರಾವತಿ. ಗುಡ್ಡಕ್ಕೆ ಹೋಗುವ ದಿನ ಮರದ ಹಲಗೆಗಳು, ಹಳೇ ಪೇಪರಿನ ಕಟ್ಟು, ಮೇಷ್ಟ್ರ ನೀರಿನ ಕೂಜೆ ಎಲ್ಲ ಅವನ ತಲೆಯ ಮೇಲೆ. ಕೂಜೆಗೆ ಬಟ್ಟೆ ಸುತ್ತಿತ್ತು, ಬಟ್ಟೆ ಹಿಡಿಯಬೇಕು, ಕೂಜೆ ಮುಟ್ಟಬಾರದು. ಬಂಡೆ ಹತ್ತಿ ಬಳ್ಳಿ ಇಳಿಸಿ, ಪೇಪರಿನ ನಡುವೆ ಹರಡಿ, ಎಲೆ ಮಡಚದಂತೆ ಬೆರಳಲ್ಲಿ ತೀಡಿ, ಹಲಗೆ ಮೇಲಿಟ್ಟು ಮೊಣಕಾಲಿನಲ್ಲಿ ಅದುಮಿ ಬಿಗಿಯಬೇಕು. ದಿನಾ ಪೇಪರು ಬದಲಾಯಿಸಬೇಕು. ಒದ್ದೆ ಪೇಪರನ್ನು ಕಾಲೇಜಿನ ಹಿಂದಿನ ಬಯಲಲ್ಲಿ ಒಣಗಿಸಬೇಕು.

ಒಣಗಿದ ಮೇಲೆ ತಟ್ಟೆಯ ಕೆಲಸ. ಉದ್ದನೆಯ ಎನಾಮಲ್ ತಟ್ಟೆ. ಅದರಲ್ಲಿ ಮೇಷ್ಟ್ರೇ ಬೀಗ ತೆಗೆದು ಬಾಟಲಿಯಿಂದ ಔಷಧಿ ಬೆರೆಸುತ್ತಿದ್ದರು. ಬಣ್ಣವಿಲ್ಲ. ಸ್ಪಿರಿಟ್ಟಿನ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ. "ಹುಳ ಬರಬಾರದು ಅಂತ ಔಷಧಿ ಹೊನ್ನಯ್ಯ. ಚೆನ್ನಾಗಿ ಅದ್ದಬೇಕು," ಎಂದು ಹೇಳಿ ಅವರು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಹೊನ್ನಯ್ಯ ಬರಿಗೈಯಲ್ಲಿ ಒಂದೊಂದೇ ಗಿಡ ಅದ್ದಿ ಎತ್ತಬೇಕು. ಮೇಷ್ಟ್ರು ತಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅವನು ಅದ್ದಿದ್ದನ್ನು ಮೂರು ದಿನ ಮುಟ್ಟುತ್ತಿರಲಿಲ್ಲ. ಆಮೇಲೂ ಚಿಮಟದಲ್ಲಿ ಹಿಡಿಯುತ್ತಿದ್ದರು. ಪ್ರತಿಸಲ ಕೈ ತೊಳೆಯುತ್ತಿದ್ದರು.

ಹೊನ್ನಯ್ಯ ಯಾಕೆ ಎಂದು ಕೇಳಲಿಲ್ಲ.

ಕೇಳುವುದು ಏನಿತ್ತು? ಹುಟ್ಟಿದ ಲಾಗಾಯ್ತು ಅವನು ಮುಟ್ಟಿದ್ದನ್ನು ಯಾರೂ ಮುಟ್ಟಿದವರಲ್ಲ. ಹೋಟೆಲಿನಲ್ಲಿ ಅವನ ಲೋಟ ಹೊರಗೆ ಗೂಟಕ್ಕೆ. ಅಂಗಡಿಯಲ್ಲಿ ಅವನ ಬೆಲ್ಲ ಎಲೆಯ ಮೇಲೆ ಎಸೆದದ್ದು. ಶಾಲೆಯಲ್ಲಿ ಮೇಷ್ಟ್ರು ಅವನ ಸ್ಲೇಟನ್ನು ಕೋಲಿನಿಂದ ತಿರುಗಿಸಿ ನೋಡುತ್ತಿದ್ದರು. ಕೈ ತೊಳೆಯುವವರನ್ನು ಕಂಡು ಆಶ್ಚರ್ಯಪಡುವುದು ಅವನಿಗೆ ಯಾವತ್ತೋ ಬಿಟ್ಟುಹೋಗಿತ್ತು. ಮನೆಗೆ ಬಂದು ಅವ್ವನಿಗೆ ನಗುತ್ತಾ ಹೇಳಿದ:

"ನಾನ್ ಮುಟ್ಟಿದ್ ಗಿಡ ಮೂರ್ ದಿನ ಬಿಸ್ಲಿಗೆ ಇಟ್ರೆ ಮಡಿ ಆಯ್ತದೆ ಕಣವ್ವಾ."

"ಹಂಗಾರೆ ನಿನ್ನೂ ಮೂರ್ ದಿನ ಬಿಸ್ಲಿಗೆ ಹಾಕ್ತೀನಿ ತಡಿ. ಯಾವ್ದಾರ ಶಾನುಭೋಗ್ರ ಮಗಳು ಸಿಕ್ತಾಳೆ," ಅಂದಳು ಕರಿಯಮ್ಮ.

ಇಬ್ಬರೂ ನಕ್ಕರು. ಆ ನಗು ಈಗ ಹೊನ್ನಯ್ಯನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿದೆ.

ಎರಡು ತಿಂಗಳಲ್ಲಿ ಅವನ ಉಗುರು ಬೂದಿಬಣ್ಣಕ್ಕೆ ತಿರುಗಿತು. ಬೆರಳ ಸಂದು ಒಡೆದು ಸಿಪ್ಪೆ ಏಳುತ್ತಿತ್ತು. ವಸಡು ಬಾತು ಬಾಯಲ್ಲಿ ಕಬ್ಬಿಣದ ರುಚಿ. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಕಾಲೇಜಿನ ಅಟೆಂಡರು ಗಂಗಾಧರಪ್ಪ ವರಾಂಡದಲ್ಲಿ ಕೂತು ಕೇಳುತ್ತಿದ್ದ, "ಏನಲೇ ಹೊನ್ನ, ಈ ವಯಸ್ಸಿಗೇ ಕೈ ನಡುಗ್ತೈತಿ! ಸಂಜೆ ರೈಲಲ್ಲಿ ಎಲ್ಲಿ ಇಳೀತೀಯ, ಸ್ಟೇಷನ್ನಲ್ಲೋ ಹೆಂಡದಂಗಡೀಲೋ?"

ಹೂವು ಸಿಕ್ಕಿತ್ತು. ಆದರೆ ಅವರೆ ಜಾತಿಯ ಗಿಡಕ್ಕೆ ಹೂವೊಂದೇ ಸಾಲದು, ಕಾಯಿ ಕಾಳು ನೋಡದೆ ಹೊಸದೆಂದು ಬರೆಯುವ ಹಾಗಿಲ್ಲ ಎಂದರು ಮೇಷ್ಟ್ರು. ಶಿವರಾತ್ರಿ ಹೊತ್ತಿಗೆ ಕಾಯಿ ಬಲಿಯಿತು. ತಾಯಿ ಮಗ ಇಬ್ಬರೂ ಗುಡ್ಡ ಹತ್ತಿದರು. ಮೈಗೆ ಬೂದಿ ಬಳಿದುಕೊಂಡು, ತಲೆಗೆ ಗೋಣಿ ಕಟ್ಟಿಕೊಂಡು ಕಿತ್ತರು. ಆದರೂ ತುರಿಕೆ ಬಿಡಲಿಲ್ಲ. ಅವ್ವ ಬಂಡೆಗೆ ಬೆನ್ನು ಉಜ್ಜಿಕೊಂಡು ರಕ್ತ ಬರಿಸಿಕೊಂಡಳು. ಎರಡು ಬುಟ್ಟಿ ಆಯಿತು. ಮೇಷ್ಟ್ರು ಎಲ್ಲವೂ ಬೇಕು ಎಂದಿದ್ದರು. ಊರೂರಿನ ವಿದ್ವಾಂಸರಿಗೆ ಗಿಡ, ಕಾಯಿ ಅಂಟಿಸಿದ ಒಂದೊಂದು ಶೀಟು ಕಳಿಸಬೇಕಂತೆ. ಆ ವರ್ಷದ ಕೇರಿಯ ಪಾಲು ಅದು. ಕರಿಯಮ್ಮ ಒಂದು ಗಳಿಗೆ ಬುಟ್ಟಿ ನೋಡುತ್ತಾ ನಿಂತಳು.

"ತಗಂಡೋಗ್ಲಾ. ನಮ್ ಅವರೆ ಓದಕ್ ಹೋಯ್ತದೆ. ನೀನಂತೂ ಓದ್ಲಿಲ್ಲ."

ಕಾಲೇಜಿನಲ್ಲಿ ಕಾಯಿ ಬಿಡಿಸಿದಾಗ ನಾಲ್ಕಾರು ಕಾಳಿನಲ್ಲಿ ಹುಳ ಕಂಡಿತು. ಮೇಷ್ಟ್ರಿಗೆ ದಿಗಿಲಾಯಿತು. ದೊಡ್ಡ ತಟ್ಟೆಯ ತುಂಬ ಔಷಧಿ ಮಾಡಿದರು. ಅಷ್ಟೂ ಕಾಳನ್ನು ಎರಡು ದಿನ ನೆನೆಹಾಕಿಸಿದರು. ಹೊನ್ನಯ್ಯ ಮೊಣಕೈವರೆಗೆ ಇಳಿಸಿ ತಿರುವಿದ. ಆಮೇಲೆ ಬಸಿದು ಬಿಸಿಲಿಗೆ ಹರಡಿದ. ಒಣಗಿದ ಮೇಲೆ ಮೇಷ್ಟ್ರು ಚಿಮಟದಲ್ಲಿ ಚೆಂದದ ಕಾಳುಗಳನ್ನು ಆರಿಸಿ ಸಣ್ಣ ಲಕೋಟೆಗಳಿಗೆ ಹಾಕಿದರು. ಮುಕ್ಕಾಲು ಬುಟ್ಟಿ ಉಳಿಯಿತು.

"ಇದು ಏನ್ಮಾಡ್ಲಿ ಸಾರ್?"

ಮೇಷ್ಟ್ರು ಅಳತೆಪಟ್ಟಿ ಹಿಡಿದು ಕಾಯಿಯ ಉದ್ದ ಬರೆದುಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಎಸೆದುಬಿಡು."

ಎರಡೇ ಎರಡು ಮಾತು ಜಾಸ್ತಿ ಹೇಳಿದ್ದರೆ ಆಗಿಹೋಗುತ್ತಿತ್ತು. ಅದು ವಿಷ. ಹೇಳಲಿಲ್ಲ. ಅವರಿಗೆ ಅದು ಹೇಳಬೇಕು ಎಂದು ಹೊಳೆಯಲೇ ಇಲ್ಲ. ಎಸೆದುಬಿಡು ಎಂಬ ಮಾತು ಹೊನ್ನಯ್ಯನ ಕಿವಿಗೆ ಹೊಸದಲ್ಲ. ಅವನ ಕೇರಿಗೆ ಬಂದ ಹಳೇ ಬಟ್ಟೆ, ಹಳಸಿದ ಅನ್ನ, ಮದುವೆ ಮನೆಯ ಎಂಜಲು, ಎಲ್ಲವೂ ಯಾರೋ ಎಸೆದುಬಿಡು ಎಂದದ್ದೇ. ತಾನು ಮುಟ್ಟಿದ್ದಕ್ಕೆ ಅವರಿಗೆ ಬೇಡವಾಯಿತು ಎಂದುಕೊಂಡ. ಟವೆಲಿನಲ್ಲಿ ಕಟ್ಟಿಕೊಂಡು ಸಂಜೆ ರೈಲು ಹತ್ತಿದ. ಕೇರಿಯ ಪಾಲು ಕೇರಿಗೆ ವಾಪಸ್ಸು ಬಂತು ಎಂದು ಸಂತೋಷವೇ ಆಗಿತ್ತು ಅವನಿಗೆ.

ಆ ವಾರ ಕಾಡಿನ ಗಾರ್ಡು ಯಾರನ್ನೂ ಗುಡ್ಡಕ್ಕೆ ಬಿಟ್ಟಿರಲಿಲ್ಲ. ಮನೆಯಲ್ಲಿ ರಾಗಿ ಮುಗಿದಿತ್ತು. ಟವೆಲು ಬಿಚ್ಚಿದಾಗ ಕರಿಯಮ್ಮನ ಮುಖ ಅರಳಿತು.

"ಕಾಲೇಜ್ ನೋಡ್ಕಂಡ್ ಬಂದ್ವಾ ನಮ್ ಕಾಳು?"

"ಔಷ್ದೀಲಿ ತೊಳ್ದವ್ರೆ ಕಣವ್ವಾ. ಹುಳ ಹಿಡ್ಯಲ್ವಂತೆ."

"ಬೂದೀಲಿ ಇಟ್ರೆ ಹುಳ ಹಿಡೀತಿತ್ತಾ? ಇವ್ರಿಗೆ ಎಲ್ಲಕ್ಕೂ ಔಷ್ದೀನೇ ಆಗ್ಬೇಕು. ಹೋಗ್ಲಿ, ಏಳ್ ನೀರಲ್ಲಿ ಅದೂ ಹೋಯ್ತದೆ."

ಮಾರನೇ ದಿನ ಭಾನುವಾರ. ಬೆಳಗಾಗುತ್ತಲೇ ಒಲೆ ಹಚ್ಚಿದಳು. ಹೊನ್ನಯ್ಯ ಹಳ್ಳದ ಪಕ್ಕದ ಒರತೆಯಿಂದ ನೀರು ತಂದ. ಏಳು ನೀರು, ಏಳು ಕಲ್ಲು. ಏಳನೆಯದರಲ್ಲಿ ತಳ ಕಂಡಿತು. ಉಪ್ಪು, ಎರಡು ಒಣಮೆಣಸಿನಕಾಯಿ. ತಟ್ಟೆಗೆ ಹಾಕಿಕೊಂಡು ಉಂಡಳು. ಹಸಿದಿದ್ದಳು, ಚೆನ್ನಾಗಿಯೇ ಉಂಡಳು. ಬಾಗಿಲಲ್ಲಿ ಕೂತಳು. ನೆರಳು ಹೊಸ್ತಿಲಿಗೆ ಇನ್ನೂ ಒಂದು ಗೇಣು ಇತ್ತು.

"ಗಂಟ್ಲು ಉರೀತದಲ್ಲೋ ಹೊನ್ನ," ಅಂದಳು.

ಆಮೇಲೆ ವಾಂತಿ. ಆಮೇಲೆ ರಕ್ತ. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಿದಳು. ಉರುಳುತ್ತಲೇ ಕಾಲಿನಿಂದ ಪಾತ್ರೆಯನ್ನು ಒದ್ದು ಒಲೆಗೆ ಕೆಡವಿದಳು, ಮಗ ಮುಟ್ಟಬಾರದೆಂದು. ಹೊನ್ನಯ್ಯ ಅವಳನ್ನು ಬೆನ್ನಿಗೆ ಹಾಕಿಕೊಂಡು ಹಳ್ಳ ದಾಟಿ, ಹಳಿ ದಾಟಿ ಆಸ್ಪತ್ರೆಗೆ ಓಡಿದ. ಆರು ದಿನ ಬದುಕಿದಳು. ಬಾಯೆಲ್ಲ ಹುಣ್ಣು. ಉಚ್ಚೆ ನಿಂತಿತು. ಮುಖ ಊದಿ ಕಣ್ಣು ಮುಚ್ಚಿಹೋಯಿತು. ಡಾಕ್ಟರು ಏನು ತಿಂದಳು ಎಂದು ಕೇಳಿದರು. ಅವರೆ ಎಂದ. ಯಾವ ಅವರೆ? ಕಾಡಿನದು. ಡಾಕ್ಟರು ತಲೆಯಾಡಿಸಿ ಅದನ್ನೇ ಬರೆದುಕೊಂಡರು.

ಮೇಷ್ಟ್ರು ನಾಲ್ಕನೇ ದಿನ ಬಂದರು. ಬಾಗಿಲಲ್ಲೇ ನಿಂತು ಕೇಳಿದರು.

"ಯಾವ ಕಾಳು ಹೊನ್ನಯ್ಯ?"

"ನೀವ್ ಎಸಿ ಅಂದಿದ್ರಲ್ಲ ಸಾರ್, ಅದೇ."

ಅವರ ಮುಖದ ರಕ್ತ ಇಳಿದುಹೋಯಿತು. ಹೊನ್ನಯ್ಯ ಅದನ್ನು ಕಂಡ. ಕರುಣೆ ಎಂದುಕೊಂಡ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. ಕೊನೆಗೆ, "ಕಾಡಿನ ಬೀಜ. ವಿಷ ಇರುತ್ತೆ ಹೊನ್ನಯ್ಯ. ತಿನ್ನಬಾರದಿತ್ತು," ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಸಾಯುವ ಮುಂಚೆ ಅವ್ವ ಒಂದೇ ಮಾತು ಕೇಳಿದಳು. ನಾಲಿಗೆ ಹೊರಳುತ್ತಿರಲಿಲ್ಲ. ಬೆರಳಿನಲ್ಲಿ ತೋರಿಸಿದಳು. ಏಳು. ಏಳಾಗಿತ್ತಲ್ಲವಾ?

"ಏಳಾಗಿತ್ತು ಕಣವ್ವಾ. ಏಳೂ ಕಲ್ಲು ಬಲಕ್ಕೇ ಅವೆ."

ಮಣ್ಣು ಮಾಡಿ ಬಂದ ಮೇಲೆ ಅವನು ಒಲೆಯ ಮುಂದೆ ಕೂತು ನೋಡಿದ. ಏಳು ಕಲ್ಲೂ ಬಲಗಡೆ ಇದ್ದವು. ಅವನ್ನು ಚಿಂದಿಯಲ್ಲಿ ಕಟ್ಟಿಟ್ಟುಕೊಂಡ. ಆದರೆ ಕೇರಿಯ ಬಾಯಿಗೆ ಕಲ್ಲು ಕಾಣಲಿಲ್ಲ. ಕರಿಯಮ್ಮನಿಗೆ ವಯಸ್ಸಾಗಿತ್ತು, ಲೆಕ್ಕ ತಪ್ಪಿದಳು ಎಂದರು. ಆರೇ ನೀರಿಗೆ ಇಳಿಸಿದಳು, ಹಸಿವು ತಡೆಯಲಿಲ್ಲ ಎಂದರು. ಮನೆಮನೆಯವರೂ ಬೂದಿಯಲ್ಲಿ ಇಟ್ಟಿದ್ದ ಹಳೇ ಕಾಳನ್ನು ಹಳ್ಳಕ್ಕೆ ಸುರಿದರು. ಚಿನ್ನಮ್ಮನೊಬ್ಬಳಿಗೆ ಸುರಿಯಲು ಕೈ ಬರಲಿಲ್ಲ. ಬೇಯಿಸಲೂ ಧೈರ್ಯ ಬರಲಿಲ್ಲ. ಮಡಕೆಯ ಬಾಯಿ ಕಟ್ಟಿ ಅಟ್ಟಕ್ಕೆ ಹಾಕಿದಳು. ಆ ಆಷಾಢದಲ್ಲಿ ಕೇರಿ ಬರೀ ಸೊಪ್ಪಿನ ನೀರು ಕುಡಿಯಿತು.

ಹೊನ್ನಯ್ಯ ಮತ್ತೆ ಕಾಲೇಜಿಗೆ ಹೋದ. ಹೋಗದೆ ಏನು ಮಾಡುತ್ತಾನೆ? ಮತ್ತೆ ತಟ್ಟೆ, ಮತ್ತೆ ಔಷಧಿ.

ದಸರಾ ಕಳೆದ ಮೇಲೆ ಒಂದು ದಿನ. ಅವನು ಅದ್ದುತ್ತಿದ್ದ. ಮೇಷ್ಟ್ರು ಕಿಟಕಿಯ ಹತ್ತಿರ. ಗಂಗಾಧರಪ್ಪ ಯಾವುದೋ ಕಾಗದ ಕೊಡಲು ಒಳಗೆ ಬಂದವನು, ತಟ್ಟೆ ಮೇಜಿನ ಅಂಚಿಗೆ ಸರಿದಿದೆ ಎಂದು ಒಳಗೆ ತಳ್ಳಲು ಕೈ ಚಾಚಿದ.

ಮೇಷ್ಟ್ರು ಕಿರುಚಿದರು. "ಏ ಗಂಗಾಧರಪ್ಪಾ! ಕೈ ಹಾಕಬೇಡ ಮಾರಾಯ! ಪಾಷಾಣ ಅದು!"

ಗಂಗಾಧರಪ್ಪ ಕೆಂಡ ಮುಟ್ಟಿದವನಂತೆ ಹಿಂದಕ್ಕೆ ಹಾರಿದ.

ತಟ್ಟೆಯೊಳಗೆ ಹೊನ್ನಯ್ಯನ ಎರಡು ಕೈ ಇದ್ದವು. ಮಣಿಕಟ್ಟಿನವರೆಗೆ. ಮೂರು ಜನರೂ ಆ ಕೈಗಳನ್ನು ನೋಡಿದರು.

ಮೇಷ್ಟ್ರು ಮೊದಲು ಮುಖ ತಿರುಗಿಸಿದರು. ಹೊನ್ನಯ್ಯ ಕೈ ಎತ್ತಿದ. ಬೆರಳ ತುದಿಯಿಂದ ಹನಿ ಬೀಳುತ್ತಿತ್ತು. ಒಂದು ವರ್ಷ. ಒಂದು ವರ್ಷ ಅವರು ದೂರ ನಿಂತದ್ದು ಅವನ ಜಾತಿಗಲ್ಲ. ತಟ್ಟೆಗೆ. ಅವನು ಜಾತಿಗೆ ಎಂದುಕೊಂಡು ನಕ್ಕಿದ್ದ. ಅದೇ ನಗುವಿನಲ್ಲಿ ಅವ್ವನಿಗೆ ಕಾಳು ಕಟ್ಟಿಕೊಂಡು ಹೋಗಿದ್ದ. ಗಂಗಾಧರಪ್ಪನಿಗೆ ಅರೆಗಳಿಗೆಯಲ್ಲಿ ಸಿಕ್ಕಿದ ಮಾತು ಅವನಿಗೆ ಒಂದು ವರ್ಷದಲ್ಲಿ ಸಿಗಲಿಲ್ಲ. ಹಾಗಾದರೆ ಜಾತಿಗೇ ಅಲ್ಲವೇ?

ಅವನು ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು, ಸಂಜೆ ರೈಲಿನ ಹೊತ್ತಿನವರೆಗೂ ನಿಂತಿದ್ದ.

ಮುಂದಿನ ವಾರ ಗಂಗಾಧರಪ್ಪನೇ ಅವನಿಗೆ ಊರ ಪತ್ರಿಕೆ ತಂದುಕೊಟ್ಟ. ಆ ದಿನದಿಂದ ಅವನು ತಮಾಷೆ ಮಾಡುವುದು ಬಿಟ್ಟಿದ್ದ. "ನಿಮ್ಮವ್ವನ ವಿಷಯ ಬಂದೈತಿ. ಓದು," ಎಂದ. ಹೊನ್ನಯ್ಯ ಅಕ್ಷರ ಕೂಡಿಸಿದ. ನಮ್ಮ ಕಾಲೇಜಿನ ವಿದ್ವಾಂಸರಿಂದ ಹೊಸ ಸಸ್ಯದ ಶೋಧ, ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಅಚ್ಚಾಗಿದೆ. ಕಾಲೇಜಿಗೆ ಕೋಣೆ ಕಟ್ಟಿಸಿಕೊಟ್ಟ ಅಡಿಕೆ ಮಂಡಿ ಸಾಹುಕಾರ ಷಡಕ್ಷರಪ್ಪನವರ ಹೆಸರನ್ನು ಅದಕ್ಕೆ ಇಡಲಾಗಿದೆ. ಸಾಹುಕಾರರಿಗೆ ಸನ್ಮಾನ. ಸ್ಥಳೀಯರಲ್ಲಿ ಈ ಸಸ್ಯಕ್ಕೆ ಹೆಸರಿಲ್ಲ. ಬೀಜ ವಿಷಕಾರಿ. ಸರಿಯಾಗಿ ಬೇಯಿಸದೆ ತಿಂದ ಕಾಡಿನ ಹೆಂಗಸೊಬ್ಬಳು ಮೃತಪಟ್ಟಿದ್ದಾಳೆ.

ಸರಿಯಾಗಿ ಬೇಯಿಸದೆ.

ಅವನು ಆ ಎರಡು ಪದವನ್ನು ಮತ್ತೆ ಮತ್ತೆ ಓದಿದ. ತಪ್ಪು ಓದಿದೆನೇನೋ ಎಂದು. ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಇದನ್ನು ಓದುವುದಕ್ಕೇನು?

ಅದೇ ಸಂಜೆ ಮೇಷ್ಟ್ರು ಅವನ ಮುಖ ನೋಡದೆ ಹೇಳಿದರು, "ಹೊನ್ನಯ್ಯ, ಭಾನುವಾರ ಸಾಹುಕಾರರಿಗೆ ತೋರಿಸಬೇಕು. ಹೂವಿರೋ ಹಸಿ ಬಳ್ಳಿ ತಂದುಬಿಡು. ಆ ಬಂಡೆ ಹತ್ತೋಕೆ ನಿನಗೊಬ್ಬನಿಗೇ ಬರೋದು."

"ಆಯ್ತು ಸಾರ್. ತರ್ತೀನಿ," ಅಂದ ಹೊನ್ನಯ್ಯ.

ಭಾನುವಾರ ಅವನು ಬೆಳಗಿನ ರೈಲಿಗೇ ಬಂದ. ತಲೆಯ ಮೇಲೆ ಸೌದೆ ಹೊರೆ. ಕೈಯಲ್ಲಿ ಅವ್ವನ ಪಾತ್ರೆ. ಬಳ್ಳಿ ಇಲ್ಲ. ಚಿನ್ನಮ್ಮನ ಅಟ್ಟದ ಮಡಕೆಯಿಂದ ಎರಡು ಸೇರು ಕಾಳು, ಬೂದಿಯ ಸಮೇತ. ಕೊಡುವಾಗ ಅವಳು ಅತ್ತಿದ್ದಳು. "ನೀನೂ ಸಾಯ್ಬ್ಯಾಡ ಕಣಣ್ಣಾ."

ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಧ್ವಜಸ್ತಂಭದ ಪಕ್ಕ ಅವನು ಮೂರು ಕಲ್ಲು ಹೂಡಿದ. ಬೆಂಕಿ ಹಚ್ಚಿದ. ಎಡಗಡೆ ಏಳು ಕಲ್ಲು ಇಟ್ಟ. ನಲ್ಲಿಯಿಂದ ನೀರು ತಂದ. ಗಂಗಾಧರಪ್ಪ ಬಂದು ನೋಡಿದ. ಏಳಿಸಲು ಬಂದವನು ಏಳಿಸಲಿಲ್ಲ. ಸುಮ್ಮನೆ ಹೋಗಿ ವರಾಂಡದಲ್ಲಿ ನಿಂತ. ಅಡಿಗೆಯವನು ಯಾರೋ ಕಾಫಿ ಕಾಯಿಸುತ್ತಿದ್ದಾನೆ ಎಂದುಕೊಂಡರು ಬಂದವರು. ಐದು ನೀರು ಚೆಲ್ಲುವವರೆಗೆ ಯಾರೂ ಅವನನ್ನು ನೋಡಲಿಲ್ಲ.

ಸಾಹುಕಾರರ ಕಾರು ಬಂತು. ಬಿಳಿ ಪಂಚೆ, ಜರಿ ಶಲ್ಯ, ಹಣೆಯ ತುಂಬ ವಿಭೂತಿ. ಹೊಗೆ ಕಂಡು ಕೇಳಿದರು, "ಇದೇನ್ ಮೂರ್ತಿಗಳೇ? ಇಲ್ಲೇ ಊಟಾನೂ ಇಟ್ಟೀರೇನು?"

ಮೇಷ್ಟ್ರು ಓಡಿ ಬಂದರು. "ಹೊನ್ನಯ್ಯ! ಏನಿದು? ಬಳ್ಳಿ ಎಲ್ಲಿ?"

"ಬಳ್ಳಿ ತರಲ್ಲ ಸಾರ್. ಇನ್ ಯಾವತ್ತೂ ತರಲ್ಲ."

ಏಳನೆಯ ನೀರು ಬಸಿದ. ಏಳನೆಯ ಕಲ್ಲು ಬಲಕ್ಕೆ ಇಟ್ಟ. ಎದ್ದು ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಎನಾಮಲ್ ತಟ್ಟೆ ಇತ್ತು. ಮೇಷ್ಟ್ರು ಹಿಂದಿನ ದಿನ ಬೆರೆಸಿಟ್ಟಿದ್ದ ಔಷಧಿ ತುಳುಕುತ್ತಿತ್ತು. ತಂದು ಮೇಷ್ಟ್ರ ಕಾಲ ಬಳಿ ಇಟ್ಟ. ಜನ ಸುತ್ತ ಸೇರಿದರು.

"ಇದು ನಮ್ ಕಾಳು. ಬೂದೀಲಿ ಇಟ್ಟಿದ್ದು. ಏಳ್ ನೀರು ಚೆಲ್ಲಿವ್ನಿ, ಎಲ್ರ ಎದುರ್ಗೆ. ನಾನ್ ಇದನ್ನ ತಿಂತೀನಿ. ಅದು ನಿಮ್ ತಟ್ಟೆ. ಅದ್ರಲ್ಲಿ ನೆನೆದ ಕಾಳನ್ನ ನಮ್ಮವ್ವ ತಿಂದ್ಳು. ನೀವ್ ತಿನ್ನೋದ್ ಬ್ಯಾಡ ಸಾರ್. ಬರೀ ಕೈ ಅದ್ದಿ. ಒಂದ್ ವರ್ಷ ನಾನ್ ಅದ್ದಿವ್ನಿ. ನೀವ್ ಒಂದ್ ಸಲ ಅದ್ದಿ."

ಹೊನ್ನಯ್ಯ ಕೂತು ತಿನ್ನತೊಡಗಿದ. ಕೈ ನಡುಗುತ್ತಿತ್ತು. ಕಾಳು ಗಲ್ಲದ ಮೇಲೆ ಬೀಳುತ್ತಿತ್ತು. ತಿಂದ. ಎಲ್ಲರೂ ಮೇಷ್ಟ್ರ ಕೈ ನೋಡಿದರು. ಮೇಷ್ಟ್ರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ತಾವು ಕಟ್ಟಿಕೊಂಡದ್ದು ಅವರಿಗೇ ತಿಳಿಯಲಿಲ್ಲ.

ಹೊನ್ನಯ್ಯ ಕಾಯ್ದ. ಧ್ವಜಸ್ತಂಭದ ನೆರಳು ಮೆಟ್ಟಿಲಿನ ಮೇಲೆ ಇತ್ತು. ಅದು ಮೆಟ್ಟಿಲು ದಾಟುವವರೆಗೂ ಕಾಯ್ದ. ಯಾರೋ ಪೊಲೀಸರನ್ನು ಕರೆಯಿರಿ ಎಂದರು. ಯಾರೋ ಹುಚ್ಚ ಎಂದರು. ಸಾಹುಕಾರರು ತಟ್ಟೆ ನೋಡಿದರು, ಮೇಷ್ಟ್ರ ಬೆನ್ನ ಹಿಂದಿನ ಕೈ ನೋಡಿದರು. ಹಾರ ಹಾಕಿಸಿಕೊಳ್ಳದೆ ಕಾರು ಹತ್ತಿದರು. ನೆರಳು ದಾಟಿತು. ಹೊನ್ನಯ್ಯ ಬದುಕಿದ್ದ.

"ಬರೀರಿ ಸಾರ್," ಎಂದ. "ಕರಿಯಮ್ಮ ಲೆಕ್ಕ ತಪ್ಲಿಲ್ಲ ಅಂತ ಬರೀರಿ. ಹೆಸ್ರಿಲ್ಲ ಅಂತ ಹಾಕೀರಲ್ಲ, ಸ್ಟೇಷನ್ ಹತ್ರ ನಮ್ಮವ್ವ ಹೇಳಿದ್ ಹೆಸ್ರು ನಿಮ್ ಬುಕ್ಕಲ್ಲಿ ಐತೆ. ಅದನ್ ಹಾಕಿ."

ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಇತ್ತು, ಸುಳ್ಳು ಹೇಳಬಾರದು.

"ಅಚ್ಚಾಗಿ ಹೋಗಿದೆ ಹೊನ್ನಯ್ಯ. ಇನ್ನು ತಿದ್ದೋಕೆ ಆಗಲ್ಲ."

ಹೊನ್ನಯ್ಯ ಏಳು ಕಲ್ಲನ್ನು ಆರಿಸಿಕೊಂಡ. ಉಳಿದ ಅವರೆಯ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಸ್ಟೇಷನ್ನಿಗೆ ನಡೆದ. ಯಾರೂ ತಡೆಯಲಿಲ್ಲ. ಮತ್ತೆ ಅವನು ಆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಒಣಗಿದ ಬಳ್ಳಿ ಇವತ್ತಿಗೂ ಅಲ್ಲಿ ಗಾಜಿನ ಹಿಂದೆ ಇದೆ, ಕೆಳಗೆ ಸಾಹುಕಾರರ ಹೆಸರು ಇದೆ.

ಕೇರಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅವನು ಗುಡಿಸಲ ಮುಂದೆ ಪಾತ್ರೆ ಇಳಿಸಿದ. ಜನ ದೂರ ನಿಂತು ನೋಡಿದರು. ಅವನು ತಟ್ಟೆಯ ವಿಷಯ ಹೇಳಿದ. ಎಸೆದುಬಿಡು ಎಂದದ್ದು ಹೇಳಿದ. ತಾನೇ ಕಟ್ಟಿಕೊಂಡು ಬಂದದ್ದನ್ನೂ ಹೇಳಿದ. ಏಳು ಕಲ್ಲನ್ನು ನೆಲದ ಮೇಲೆ ಇಟ್ಟ.

"ನಮ್ಮವ್ವ ತಪ್ಪಲಿಲ್ಲ. ನಾನ್ ಬೆಳಿಗ್ಗೇನೇ ತಿಂದಿವ್ನಿ. ಬದುಕಿವ್ನಿ. ಉಣ್ಣಿ."

ಯಾರೂ ಮುಂದೆ ಬರಲಿಲ್ಲ. ಒಬ್ಬೊಬ್ಬರೇ ತಲೆ ತಗ್ಗಿಸಿ ತಮ್ಮ ತಮ್ಮ ಗುಡಿಸಲಿಗೆ ಹೋದರು. ಅಚ್ಚಾದ ಮಾತು ಅವರ ಹೊಟ್ಟೆಗೂ ಇಳಿದಿತ್ತು.

ಚಿನ್ನಮ್ಮ ನಿಂತಿದ್ದಳು. ಇದ್ದಿಲು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಒಳಗೆ ಹೋಗಿ ತಟ್ಟೆ ತಂದಳು. ಅಣ್ಣನ ಎದುರು ಕೂತಳು.

"ಹಾಕಣ್ಣಾ."

ಹೊನ್ನಯ್ಯ ಸೌಟು ಎತ್ತಿದ. ಕೈ ನಿಲ್ಲಲಿಲ್ಲ. ಇನ್ನೊಂದು ಕೈಯಿಂದ ಹಿಡಿದುಕೊಂಡ. ಅದೂ ನಡುಗಿತು. ಅರ್ಧ ತಟ್ಟೆಗೆ ಬಿತ್ತು, ಅರ್ಧ ಮಣ್ಣಿಗೆ ಚೆಲ್ಲಿತು.

ಚಿನ್ನಮ್ಮ ಬಗ್ಗಿ, ಮಣ್ಣಿಗೆ ಬಿದ್ದ ಕಾಳನ್ನು ಒಂದೊಂದೇ ಆರಿಸಿ, ಊದಿ, ತಟ್ಟೆಗೆ ಹಾಕಿಕೊಂಡಳು.